ಮಡಿ ಬಿಟ್ಟ ಹತ್ತೊಂಬತ್ತು ದಿನ

ಇಪ್ಪತ್ತಾರು ವರ್ಷ ನಾನು ಫ್ರೀಜರ್ ಕಾದಿದ್ದೇನೆ. ಮೈನಸ್ ಎಂಬತ್ತು ಡಿಗ್ರಿಯ, ಆಳೆತ್ತರದ ಫ್ರೀಜರುಗಳು, ಒಂದರ ಪಕ್ಕ ಒಂದರಂತೆ ಆರು. ಒಳಗೆ ಮಕ್ಕಳ ರಕ್ತ. ಮೈಸೂರಿನಲ್ಲಿ ಯಾರಾದರೂ "ನಿಮ್ಮ ಮಗಳಿಗೆ ಅಮೆರಿಕದಲ್ಲಿ ಏನು ಕೆಲಸ?" ಎಂದು ಕೇಳಿದರೆ ನಮ್ಮಮ್ಮ "ಡಾಕ್ಟರ್ ಕೆಲಸಕ್ಕೆ ತೀರಾ ಹತ್ತಿರ" ಎನ್ನುತ್ತಿದ್ದರು. ಅದು ಸುಳ್ಳಲ್ಲ. ಡಾಕ್ಟರ ಕೋಣೆ ನನ್ನ ಕೋಣೆಯಿಂದ ಹದಿನೈದು ಹೆಜ್ಜೆ ದೂರದಲ್ಲಿತ್ತು.

ಈಚೆಗೆ ಕನ್ನಡ ಕೂಟದ ಯುಗಾದಿ ಊಟದಲ್ಲಿ ಒಬ್ಬ ಹುಡುಗಿ ಪಕ್ಕಕ್ಕೆ ಬಂದು ಕೂತಳು. ಅವಳು ಲ್ಯಾಬ್ ಕೆಲಸಕ್ಕೆ ಸೇರುವವಳಂತೆ. "ಆಂಟಿ, ಈ ಫೀಲ್ಡಲ್ಲಿ ಏನಾದ್ರೂ ಟಿಪ್ಸ್ ಇದ್ಯಾ?" ಎಂದಳು. ನನ್ನ ಬಾಯಲ್ಲಿ ಹೋಳಿಗೆ ಇತ್ತು. "ಮೊದಲು ಟ್ಯೂಬಿಗೆ ಲೇಬಲ್ ಅಂಟಿಸು, ಆಮೇಲೆ ರಕ್ತ ಹಾಕು" ಎಂದಷ್ಟೇ ಹೇಳಲು ಸಾಧ್ಯವಾಯಿತು. ಇಪ್ಪತ್ತಾರು ವರ್ಷದ ಸಾರ ಅಷ್ಟೇ ಆದರೆ ನನಗೂ ಮರ್ಯಾದೆಯಲ್ಲ. ಹಾಗಾಗಿ ಉಳಿದದ್ದನ್ನು ಬರೆಯುತ್ತಿದ್ದೇನೆ. ಬಡ್ತಿಗಳ ವಿಷಯ ಬಿಟ್ಟಿದ್ದೇನೆ. ಎರಡು ಬಂದವು, ಎರಡೂ ಸಲ ಕೆಲಸ ಅದೇ ಉಳಿಯಿತು, ಮೇಜು ಮಾತ್ರ ಕಿಟಕಿಯಿಂದ ಇನ್ನಷ್ಟು ದೂರ ಹೋಯಿತು.

ಮೊದಲು ಕಾಯಿಲೆ ಏನೆಂದು ಹೇಳಿಬಿಡುತ್ತೇನೆ. ಮಂಗಳವಾರ ಸಂಜೆ ಸೈಕಲ್ ಹೊಡೆದುಕೊಂಡು ಬಂದ ಮಗು ಗುರುವಾರ ಬೆಳಿಗ್ಗೆ ಬೇರೆಯೇ ಮಗುವಾಗಿ ಏಳುತ್ತದೆ. ಬಾಗಿಲ ಹಿಡಿ ಮುಟ್ಟುವುದಿಲ್ಲ. ಊಟ ಒಲ್ಲೆ ಎನ್ನುತ್ತದೆ. ಒಂದೇ ಸಮ ಕಣ್ಣು ಮಿಟುಕಿಸುತ್ತದೆ, ತಾಯಿಯನ್ನು ಬಿಟ್ಟು ಬಚ್ಚಲಿಗೂ ಹೋಗುವುದಿಲ್ಲ, ಅಕ್ಷರ ಕಾಗೆ ಕಾಲಾಗುತ್ತದೆ. ಎಷ್ಟೋ ಮಕ್ಕಳಲ್ಲಿ ಅದಕ್ಕೆ ಸ್ವಲ್ಪ ಮುಂಚೆ ಒಂದು ಗಂಟಲುನೋವು ಬಂದು ಹೋಗಿರುತ್ತದೆ. ಸೋಂಕಿನ ಮೇಲೆ ಯುದ್ಧಕ್ಕೆ ಹೊರಟ ಮೈಯ ಸೈನ್ಯ ದಾರಿ ತಪ್ಪಿ ಮಿದುಳಿನ ಮೇಲೆ ಬೀಳುತ್ತದೆ ಎನ್ನುವುದು ಒಂದು ಊಹೆ. ಎಲ್ಲ ಡಾಕ್ಟರುಗಳೂ ಒಪ್ಪುವುದಿಲ್ಲ. ಒಪ್ಪಿಸಬೇಕಾದರೆ ರಕ್ತದಲ್ಲಿ ಒಂದು ಗುರುತು ಬೇಕು, ಅಂದರೆ 'ಇದು ಆ ಕಾಯಿಲೆಯೇ' ಎಂದು ಬೆರಳಿಟ್ಟು ತೋರಿಸಬಹುದಾದ ಒಂದು ವಸ್ತು. ಅದಕ್ಕೆ ಬಯೋಮಾರ್ಕರ್ ಎನ್ನುತ್ತಾರೆ. ಅದನ್ನು ಹುಡುಕುವುದು ನಮ್ಮ ಲ್ಯಾಬಿನ ಕೆಲಸ. ಹುಡುಕುವವರಿಗೆ ರಕ್ತ ತೆಗೆದುಕೊಡುವುದು, ಇಡುವುದು, ಕಳೆಯದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ.

ನಮ್ಮ ಬಾಸ್, ಆ ಹದಿನೈದು ಹೆಜ್ಜೆ ದೂರದ ಡಾಕ್ಟರ್, ಹೆಸರು ರೂತ್. ಐದಡಿ ಇಲ್ಲದ ಹೆಂಗಸು, ಎಲ್ಲ ಕಾಲದಲ್ಲೂ ಬೂದು ಸ್ವೆಟರ್. ಯಾವ ರಿಸಲ್ಟ್ ಕೊಟ್ಟರೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ವಾಟ್ ಎಲ್ಸ್ ಕುಡ್ ಇಟ್ ಬಿ?" ಇದು ಬೇರೆ ಏನಾಗಿರಬಹುದು? ಸೇರಿದ ಹೊಸದರಲ್ಲಿ ಅದನ್ನು ನಾನು ಮೆಚ್ಚುಗೆಯ ಮಾತು ಎಂದುಕೊಂಡಿದ್ದೆ.

ಒಮ್ಮೆ ನಾವು ಆ ಗುರುತನ್ನು ಕಂಡುಹಿಡಿದೇಬಿಟ್ಟೆವು. ಕಾಯಿಲೆಯ ಮಕ್ಕಳ ರಕ್ತದಲ್ಲಿ ಒಂದು ಪ್ರೋಟೀನು ಎದ್ದು ಕಾಣುವಷ್ಟು ಜಾಸ್ತಿ, ಆರೋಗ್ಯವಂತ ಮಕ್ಕಳಲ್ಲಿ ಕಡಿಮೆ. ನಮ್ಮ ಸ್ಟಡಿ ಕೋಆರ್ಡಿನೇಟರ್ ಕೆವಿನ್ ಕೇಕ್ ತಂದ. ರೂತ್ ಕೇಕ್ ತಿನ್ನುತ್ತಲೇ "ವಾಟ್ ಎಲ್ಸ್ ಕುಡ್ ಇಟ್ ಬಿ?" ಎಂದರು. ಎಲ್ಲರೂ ನಕ್ಕರು. ನಾನು ಮನೆಗೆ ಬಂದೆ. ನನ್ನ ಮನೆ ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿ, ಹನ್ನೊಂದನೆಯ ಮಹಡಿ. ಅಡುಗೆಮನೆ ಕಿಟಕಿಯಿಂದ ಜಾರ್ಜ್ ವಾಷಿಂಗ್ಟನ್ ಬ್ರಿಡ್ಜ್ ಕಾಣುತ್ತದೆ. ಒಗ್ಗರಣೆ ಹಾಕುತ್ತ ಅಲ್ಲಿ ನಿಂತ ಕಾರುಗಳನ್ನು ನೋಡುತ್ತಿದ್ದಾಗ ನೆನಪಾಯಿತು: ಅತಿ ಹೆಚ್ಚು ಪ್ರೋಟೀನ್ ಬಂದ ಟ್ಯೂಬುಗಳೆಲ್ಲ ಶುಕ್ರವಾರದವು.

ಕಾಯಿಲೆಯ ಮಕ್ಕಳ ರಕ್ತ ನ್ಯೂಜೆರ್ಸಿಯ ಕ್ಲಿನಿಕ್ಕಿನಿಂದ ವ್ಯಾನಿನಲ್ಲಿ ಬ್ರಿಡ್ಜ್ ದಾಟಿ ಮ್ಯಾನ್‌ಹಟ್ಟನ್ನಿಗೆ ಬರಬೇಕಿತ್ತು; ಶುಕ್ರವಾರ ಅಲ್ಲಿ ಗಂಟೆಗಟ್ಟಲೆ ಟ್ರಾಫಿಕ್. ಆರೋಗ್ಯವಂತ ಮಕ್ಕಳ ರಕ್ತವನ್ನು ನಮ್ಮ ಕೆಳಗಿನ ಮಹಡಿಯಲ್ಲೇ ತೆಗೆಯುತ್ತಿದ್ದೆವು. ಮಾರನೆಯ ದಿನ ನನ್ನದೇ ರಕ್ತ ತೆಗೆಸಿ ಮೂರು ಗಂಟೆ ಮೇಜಿನ ಮೇಲೆ ಸುಮ್ಮನೆ ಇಟ್ಟೆ. ಪ್ರೋಟೀನ್ ಏರಿತು. ಲೆಕ್ಕದ ಪ್ರಕಾರ ನನಗೂ ಆ ಕಾಯಿಲೆ ಬಂದಿತ್ತು. ರೂತ್ ರಿಸಲ್ಟ್ ನೋಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಹೌ ಆರ್ ಯು ಫೀಲಿಂಗ್?" ಎಂದರು. ನಾವು ಹುಡುಕಿದ್ದು ಬ್ರಿಡ್ಜಿನ ಟ್ರಾಫಿಕ್ಕನ್ನು. ಬೆಟ್ಟ ಅಗೆದು ಇಲಿ ಹಿಡಿದೆವು ಎನ್ನೋಣವೆಂದರೆ ಇಲಿಯೂ ಇರಲಿಲ್ಲ. ಆವತ್ತಿನಿಂದ ರಕ್ತ ತೆಗೆದ ಗಂಟೆ, ನಿಮಿಷ ಎರಡನ್ನೂ ಲೇಬಲ್ ಮೇಲೆ ಬರೆಯುವ ನಿಯಮ ಬಂತು.

ಆರೋಗ್ಯವಂತ ಮಕ್ಕಳ ರಕ್ತ ಸಂಪಾದಿಸುವುದೇ ಇನ್ನೊಂದು ಪ್ರಾರಬ್ಧ. ಅಳದ ಮಗುವಿಗೆ ಸೂಜಿ ಚುಚ್ಚಿಸಲು ಯಾವ ತಾಯಿ ಒಪ್ಪುತ್ತಾಳೆ? ನಾನು ಕನ್ನಡದವರನ್ನೇ ಹಿಡಿದೆ. ಬಾಸ್ಕಿಂಗ್ ರಿಡ್ಜಿನ ಒಬ್ಬರು, ದೊಡ್ಡ ಕಂಪನಿಯಲ್ಲಿ ಡೈರೆಕ್ಟರ್, "ಮೇಡಂ, ನಮ್ಮ ಮಗ ನಾರ್ಮಲ್ ಅಂತ ನೀವು ರೈಟಿಂಗಲ್ಲಿ ಕೊಡ್ತೀರಾ? ಕಾಲೇಜ್ ಅಪ್ಲಿಕೇಶನ್ನಿಗೆ ಹಾಕಬಹುದಾ?" ಎಂದು ಕೇಳಿದರು. ಇನ್ನೊಬ್ಬ ತಾಯಿ, "ನಾರ್ಮಲ್ ಗ್ರೂಪಲ್ಲಿ ಹಾಕ್ಬೇಡಿ, ಅವನು ಗಿಫ್ಟೆಡ್" ಎಂದರು. ಇಬ್ಬರ ಮಕ್ಕಳ ರಕ್ತವೂ ಮೂರನೆಯ ಫ್ರೀಜರಿನಲ್ಲಿ ಅಕ್ಕಪಕ್ಕ ಕೂತಿತ್ತು.

ಕೆಲಸದ ವಿಧಾನವೂ ಬದಲಾಯಿತು. ನಾನು ಸೇರಿದಾಗ ಒಂದು ಸಲಕ್ಕೆ ಒಂದು ವಸ್ತುವನ್ನು ಅಳೆಯುತ್ತಿದ್ದೆವು. ಒಂದು ತಪ್ಪು ಮಾಡಬೇಕಾದರೆ ಒಂದು ವಾರ ಹಿಡಿಯುತ್ತಿತ್ತು. ಈಗಿನ ಯಂತ್ರ ಒಂದು ಹನಿಯಲ್ಲಿ ಸಾವಿರಾರು ವಸ್ತುಗಳನ್ನು ಒಂದೇ ಮಧ್ಯಾಹ್ನ ಅಳೆಯುತ್ತದೆ, ತಪ್ಪುಗಳೂ ಅದೇ ವೇಗದಲ್ಲಿ ಬರುತ್ತವೆ. ಆದರೆ ಯಂತ್ರಕ್ಕೆ ಎರಡು ಸಂಗತಿ ನಾವೇ ಹೇಳಬೇಕು, ಇವತ್ತಿಗೂ: ಮಗುವಿಗೆ ಈ ಕಾಯಿಲೆ ಇದೆಯೇ, ಯಾವ ದಿನ ಶುರುವಾಯಿತು. ಮೊದಲ ವಾರದ ರಕ್ತವೇ ಬಂಗಾರ. ಬೆಂಕಿ ಉರಿಯುತ್ತಿರುವಾಗ ತೆಗೆದ ರಕ್ತ ಅದು; ಚಿಕಿತ್ಸೆ ಶುರುವಾದ ಮೇಲೆ ತೆಗೆದದ್ದರಲ್ಲಿ ಬರೀ ಬೂದಿ. ಈ ಎರಡು ಸಂಗತಿಗಳಲ್ಲಿ ನಾನು ಮಾಡಿದ ತಪ್ಪನ್ನು ಹೇಳಲಿಕ್ಕೇ ಇಷ್ಟು ದೂರ ಬಂದೆ. ಹೇಳಲು ಇಷ್ಟವಿಲ್ಲದ್ದರಿಂದ ಬ್ರಿಡ್ಜಿನ ಕಥೆ ಸ್ವಲ್ಪ ಉದ್ದವಾಯಿತು.

ಆವತ್ತು ಮಧ್ಯಾಹ್ನ ನಾನು ಡಬ್ಬಿಯಿಂದ ಮೊಸರನ್ನ ತಿನ್ನುತ್ತಿದ್ದೆ. ಕೆವಿನ್ ಒಂದು ಅರ್ಜಿ ಹಿಡಿದುಕೊಂಡು ಬಂದ. ಎಂಟು ವರ್ಷದ ಹುಡುಗಿ, ಕನ್ನಡದ ಮನೆ. ಅವಳನ್ನು ಇಲ್ಲಿ ಮೇಧಾ ಎಂದು ಕರೆಯುತ್ತೇನೆ, ನಿಜವಾದ ಹೆಸರು ಅದಲ್ಲ. ತಾಯಿ ತುಂಬಿದ ಫಾರಂ: ಪದೇ ಪದೇ ಕೈ ತೊಳೆಯುತ್ತಾಳೆ, ಬೇರೆಯವರು ಮುಟ್ಟಿದ ಊಟ ತಿನ್ನುವುದಿಲ್ಲ, ತನ್ನ ತಟ್ಟೆ ಲೋಟ ಬೇರೆ ಇಡಬೇಕು ಎನ್ನುತ್ತಾಳೆ, ಒಗೆದ ತನ್ನ ಬಟ್ಟೆಯನ್ನು ಯಾರೂ ಮುಟ್ಟಬಾರದು. ಯಾವಾಗ ಶುರುವಾಯಿತು ಎನ್ನುವ ಕಡೆ 'ಗೊತ್ತಿಲ್ಲ, ಅತ್ತೆ ಇಂಡಿಯಾದಿಂದ ಬಂದ ಮೇಲೆ ಇರಬಹುದು' ಎಂದಿತ್ತು. ಕೆಳಗೆ ಒಂದು ಸಾಲು: 'ನಮ್ಮತ್ತೆ ಕೆಲವು ಆಚರಣೆಗಳನ್ನು ಪಾಲಿಸುತ್ತಾರೆ.'

"ಈಸ್ ದಿಸ್ ಎ ಥಿಂಗ್?" ಎಂದ ಕೆವಿನ್, ಹೀಗೂ ಉಂಟಾ ಎನ್ನುವ ಹಾಗೆ.

ಸಂಪ್ರದಾಯದಿಂದ ಬಂದ ನಡವಳಿಕೆಯನ್ನು ಕಾಯಿಲೆಯ ಲಕ್ಷಣವೆಂದು ಎಣಿಸಬಾರದು ಎಂಬ ನಿಯಮ ನಮ್ಮಲ್ಲಿತ್ತು. ಒಳ್ಳೆಯ ನಿಯಮವೇ. ನಾನು ನಕ್ಕುಬಿಟ್ಟೆ. ನಮ್ಮಜ್ಜಿ ಒದ್ದೆ ಸೀರೆ ಉಟ್ಟು ಒಲೆ ಮುಂದೆ ನಿಂತಿರುತ್ತಿದ್ದ ಮನೆಯಲ್ಲಿ ಬೆಳೆದವಳು ನಾನು. "ಇಟ್ ಈಸ್ ವೆರಿ ಮಚ್ ಎ ಥಿಂಗ್" ಎಂದೆ. ಬೋರ್ಡಿನ ಮೇಲೆ ಚಿತ್ರ ಬರೆದು ಮಡಿ ಎಂದರೇನು, ಮೈಲಿಗೆ ಎಂದರೇನು, ಎಂಜಲು ಎಂದರೆ ಬಾಯಿ ತಾಗಿದ್ದು, ಮುಸುರೆ ಎಂದರೆ ಅನ್ನ ತಾಗಿದ್ದು ಎಂದು ಹತ್ತು ನಿಮಿಷ ಪಾಠ ಮಾಡಿದೆ. ಕೆವಿನ್ ಬೋರ್ಡಿನ ಫೋಟೋ ತೆಗೆದುಕೊಂಡ. ಲ್ಯಾಬಿನಲ್ಲಿ ನನ್ನ ಮಾತನ್ನು ಯಾರೂ ಅಷ್ಟು ಗಮನವಿಟ್ಟು ಕೇಳಿದ್ದಿಲ್ಲ. ಆ ಖುಷಿಯಲ್ಲಿ, ಆ ತಾಯಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ ಎಂದೂ ಒಪ್ಪಿಕೊಂಡೆ. ಹಾಗೆ ಫೋನ್ ಮಾಡುವುದು ನನ್ನ ಕೆಲಸವೇ ಅಲ್ಲ.

ತಾಯಿ ಬೆಂಗಳೂರಿನವರು, ಐಟಿ ಕೆಲಸ. ಗಂಡ ಧಾರವಾಡದವರು, ಅವರೂ ಐಟಿ. ಇಬ್ಬರೂ ದಿನಾ ಕಮ್ಯೂಟ್ ಮಾಡುವವರು, ಮಗುವಿನ ಜೊತೆ ಹಗಲೆಲ್ಲ ಇರುವವರು ಅಜ್ಜಿ. ನಾನು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮತ್ತೆ ಮಡಿ ಮಾಡ್ತಾರಾ?"

"ತುಂಬಾ ಮಾಡ್ತಾರೆ ಮೇಡಂ. ಬಂದು ಎರಡು ತಿಂಗಳಾಯ್ತು."

"ಹಾಗಾದ್ರೆ ಇನ್ನೇನು. ಮಕ್ಕಳು ನೋಡಿದ್ದನ್ನ ಮಾಡ್ತವೆ. ಅಜ್ಜಿ ಸ್ವಲ್ಪ ದಿನ ಬಿಟ್ರೆ ಇವಳೂ ಬಿಡ್ತಾಳೆ."

"ಅಬ್ಬಾ, ಅಷ್ಟೇನಾ? ನಾನು ಏನೇನೋ ಗೂಗಲ್ ಮಾಡಿ ಹೆದರಿಬಿಟ್ಟಿದ್ದೆ. ತುಂಬಾ ಥ್ಯಾಂಕ್ಸ್ ಮೇಡಂ" ಎಂದರು ಆಕೆ. ನಿಜವಾಗಿ ಅತ್ತುಬಿಟ್ಟರು. ನನಗೂ ಪುಣ್ಯದ ಕೆಲಸ ಮಾಡಿದಂತೆ ಅನ್ನಿಸಿತು. ಕೆವಿನ್ ಫಾರಂ ಮೇಲೆ 'ಕಲ್ಚರಲ್' ಎಂದು ಬರೆದು ಬದಿಗಿಟ್ಟ. ರೂತ್ ಆ ವಾರ ಊರಲ್ಲಿರಲಿಲ್ಲ. ಇದ್ದಿದ್ದರೆ ಯಾವ ಪ್ರಶ್ನೆ ಕೇಳುತ್ತಿದ್ದರೆಂದು ನೀವೇ ಹೇಳಬಲ್ಲಿರಿ.

ಮೂರು ವಾರ ತುಂಬುವ ಮೊದಲೇ ರೂತ್ ನನ್ನ ಬಾಗಿಲಲ್ಲಿ ನಿಂತಿದ್ದರು. ಆಸ್ಪತ್ರೆಯ ವಾರ್ಡಿಗೆ ಒಂದು ಮಗು ಬಂದಿದೆ, ನೀರನ್ನೂ ಕುಡಿಯುತ್ತಿಲ್ಲ, ಡ್ರಿಪ್ ಹಾಕಿದ್ದಾರೆ, ಅದನ್ನು ನೋಡಲು ತನ್ನನ್ನು ಕರೆದಿದ್ದಾರೆ ಎಂದರು. ತಂದೆ ತಾಯಿ ಕೆಳಗೆ ಇನ್ಶೂರೆನ್ಸಿನವರ ಜೊತೆ ಇದ್ದಾರೆ, ಮಗುವಿನ ಹತ್ತಿರ ಅಜ್ಜಿ ಒಬ್ಬರೇ. ಫೋನಿನ ಇಂಟರ್‌ಪ್ರಿಟರ್ ಸೇವೆಯವರು ಕನ್ನಡ ಸಿಗಲಿಲ್ಲವೆಂದು ತೆಲುಗಿನವರನ್ನು ಕೊಟ್ಟಿದ್ದರಂತೆ, ಅಕ್ಷರ ಒಂದೇ ಥರ ಇದೆಯಲ್ಲ ಎಂದರಂತೆ. ನಾನು ಹೆಸರು ಕೇಳಿದೆ. ರೂತ್ ಹೇಳಿದರು. ವಾರ್ಡಿಗೆ ಹೋಗುವ ಕಾರಿಡಾರು ಆವತ್ತು ಬಹಳ ಉದ್ದವಾಯಿತು.

ಮಗು ಹಾಸಿಗೆಯಲ್ಲಿ ಕೈಗಳನ್ನು ಮೈಗೆ ತಾಗದ ಹಾಗೆ ಮೇಲೆತ್ತಿ ಹಿಡಿದು ಮಲಗಿತ್ತು. ಬೆರಳಿನ ಸಂದಿಯೆಲ್ಲ ಕೆಂಪಾಗಿ ಬಿರಿದಿತ್ತು. ಪಕ್ಕದ ಕುರ್ಚಿಯಲ್ಲಿ ಅಜ್ಜಿ, ಇಂದಿರಾಬಾಯಿ. ನೈಟಿ, ಮೇಲೊಂದು ಸ್ವೆಟರ್, ತೊಡೆಯ ಮೇಲೆ ಸ್ಟೀಲ್ ಡಬ್ಬಿ. ನಾನು ನಮಸ್ಕಾರ ಎಂದ ಕೂಡಲೇ ತಲೆಯೆತ್ತಿದರು.

"ಫೋನಿನಾಗ ಮಾತಾಡಿದಾಕಿ ನೀನ ಏನವಾ?"

ಸೊಸೆ ಸ್ಪೀಕರ್ ಹಾಕಿದ್ದಳಂತೆ. "ಹೌದಮ್ಮ, ನಾನೇ" ಎಂದೆ.

"ದನಿ ಗುರ್ತ ಹಿಡದೆ. ಮೈಸೂರ ಕಡೆ ಮಾತು. ಕೂಡು, ಯಾಕ ನಿಂತಿ?" ಎಂದರು. ನಾನು ಕೂಡಲಿಲ್ಲ. ಬೈದಿದ್ದರೆ ಸುಲಭವಿತ್ತು. ಅವರು ಬೈಯಲಿಲ್ಲ.

"ನೀ ಹೇಳಿದ್ದು ಖರೇ ಇರಬಹುದು ಅಂತ ನಾನೂ ಅಂದ್ಕೊಂಡೆ. ಸೊಸಿ ಅಂದ್ಲು, ಅತ್ತೀ, ಮಡಿ ಬಿಡ್ರಿ ಅಂತ. ಬಿಟ್ಟೆ. ಹನ್ನೆರಡು ವರ್ಷದಾಕಿ ಇದ್ದಾಗ ಹಿಡದದ್ದು, ಬಿಟ್ಟೆ. ದೇವರಿಗೆ ಹೇಳೇನಿ, ಕೂಸಿನ ಸಲುವಾಗಿ ಅಂತ. ಹತ್ತೊಂಬತ್ತು ದಿನಾ ಆತು ನೈಟಿ ಮ್ಯಾಲೆ ಅಡಗಿ ಮಾಡಾಕತ್ತಿ. ನಾ ಬಿಟ್ಟೆ, ಕೂಸು ಬಿಡಲಿಲ್ಲ ನೋಡು."

ನಾನು ರೂತ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ರೂತ್ ಅಜ್ಜಿಯ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತರು. ಇದು ನಿಮ್ಮ ಮಡಿಯ ಹಾಗಲ್ಲ ಎಂದು ಹೇಗೆ ಹೇಳುತ್ತೀರಿ ಎಂದು ನನ್ನಿಂದ ಕೇಳಿಸಿದರು.

ಅಜ್ಜಿ ಡಬ್ಬಿಯನ್ನು ಪಕ್ಕಕ್ಕಿಟ್ಟರು. "ಮಡಿಗೆ ಮುಗೀತು ಅನ್ನೋದು ಒಂದು ಇರ್ತದ ತಂಗಿ. ಮಡಿ ಉಟಗೊಂಡ್ವಿ, ಅಡಗಿ ಮಾಡಿದ್ವಿ, ನೈವೇದ್ಯ ಆತು, ಊಟ ಆತು, ಮುಗೀತು. ಆಮ್ಯಾಲೆ ಕಾಲು ಚಾಚಿ ಕೂತು ಅಡಕಿ ಹಾಕ್ಕೋತೀವಿ. ಈ ಕೂಸಿಗೆ ಮುಗಿಯೋದ ಇಲ್ಲ. ಕೈ ತೊಳೀತದ, ನನ್ನ ಕೇಳ್ತದ, ಅಜ್ಜಿ, ಡನ್? ಅಂತ. ನಾ ಡನ್ ಅಂತೀನಿ. ಮತ್ತ ತೊಳೀತದ. ಮಡಿಯೊಳಗ ಹೆದರಿಕಿ ಇರೂದಿಲ್ಲ. ಇದರಾಗ ಬರೇ ಹೆದರಿಕಿ."

ಇದನ್ನು ಅನುವಾದ ಮಾಡುತ್ತ ಅರ್ಧಕ್ಕೆ ನಿಲ್ಲಿಸಿ ಮತ್ತೆ ಹೇಳಿದೆ. ರೂತ್ ಪೆನ್ನು ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಇವರು ಕಾರಣ ಅಂದುಕೊಂಡದ್ದನ್ನು ತೆಗೆದು ನೋಡಿದ್ದಾರೆ. ಪರಿಣಾಮ ಹೋಗಲಿಲ್ಲ. ಇದು ನಾವು ಮಾಡಬೇಕಿದ್ದ ಪ್ರಯೋಗ" ಎಂದರು. ಸಿಟ್ಟಿನ ಸುಳಿವೂ ಇರಲಿಲ್ಲ, ಅದೇ ಕಷ್ಟವಾಯಿತು.

ಯಾವಾಗ ಶುರುವಾಯಿತು ಎಂದು ಕೇಳಿದ್ದಕ್ಕೆ ಅಜ್ಜಿ ತಟ್ಟನೆ "ದ್ವಾದಶಿ ಬೆಳಿಗ್ಗೆ, ಪಾರಣಿ ಹೊತ್ತಿನಾಗ" ಎಂದರು. ಏಕಾದಶಿ ಪೂರ್ತಿ ಉಪವಾಸ, ಮಾರನೆಯ ಬೆಳಿಗ್ಗೆ ಊಟ. ಆ ಊಟದ ಮೊದಲ ತುತ್ತು ಯಾವಾಗಲೂ ಮೊಮ್ಮಗಳಿಗೆ. ಅವಳು ಸ್ಕೂಲ್ ಬ್ಯಾಗ್ ಹಾಕಿಕೊಂಡೇ ಬಂದು ಬಾಯಿ ತೆರೆಯುತ್ತಿದ್ದಳಂತೆ. ಆ ದ್ವಾದಶಿ ದಿನ ಬಾಯಿ ತೆರೆಯಲಿಲ್ಲ. ಅಜ್ಜಿಯ ಕೈ ನೋಡಿ ಕಿರುಚಿದಳು. ಅದಕ್ಕೆ ನಾಲ್ಕು ದಿನ ಮುಂಚೆ ಗಂಟಲುನೋವು ಎಂದು ಸ್ಕೂಲಿನಿಂದ ಬೇಗ ಬಂದಿದ್ದಳು. ಅಜ್ಜಿ ಅದನ್ನು ಸೊಸೆಗೆ ಹೇಳಿದ್ದರು. ಮಡಿಯದೇ ತಪ್ಪು ಎಂದಾದ ಮೇಲೆ ಅಜ್ಜಿಯ ಮಾತನ್ನು ಯಾರು ಕೇಳುತ್ತಾರೆ?

ಅಷ್ಟೇ ಅಲ್ಲ. ಚೀಲದಿಂದ ಒಂದು ಕಾಪಿ ಪುಸ್ತಕ ತೆಗೆದರು. ಮೊಮ್ಮಗಳಿಗೆ ದಿನಾ ಒಂದು ಪುಟ ಕನ್ನಡ ಅಕ್ಷರ ಬರೆಸುತ್ತಿದ್ದರು. ಪ್ರತಿ ಪುಟದ ತಲೆಯಲ್ಲಿ ಆ ದಿನದ ತಿಥಿ, ಅಜ್ಜಿಯ ಕೈಬರಹ. ದಶಮಿ: ಕ ಕಾ ಕಿ ಕೀ, ದುಂಡಗೆ, ಪಲ್ಯಕ್ಕೆ ಬಿಡಿಸಿಟ್ಟ ಬಟಾಣಿಯ ಹಾಗೆ. ಏಕಾದಶಿ: ಪಾಠವಿಲ್ಲ. ದ್ವಾದಶಿ: ಒಂದು 'ಖ', ಅದರ ಮೇಲೆ ಇನ್ನೊಂದು 'ಖ', ಮತ್ತೊಂದು, ಕಾಗದ ಹರಿಯುವ ತನಕ. ಹಿಂದಿನ ಪುಟಕ್ಕೂ ಇದಕ್ಕೂ ನಡುವೆ ಒಂದೇ ಒಂದು ದಿನ. 'ದಿಢೀರನೆ ಶುರು' ಎನ್ನುವುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷಿ ಇಪ್ಪತ್ತಾರು ವರ್ಷದಲ್ಲಿ ನಾನು ನೋಡಿಲ್ಲ. ರೂತ್ ಪುಟ ತಿರುವಿ ತಿರುವಿ ನೋಡಿ, "ನಮ್ಮ ಹತ್ತಿರ ಇರುವ ಅತ್ಯುತ್ತಮ ದಾಖಲೆ ಇದು, ನನಗೆ ಓದಲು ಬರುವುದಿಲ್ಲ" ಎಂದರು.

ನಾನು ಚುರುಕಾಗಿ ಫೋನಿನಲ್ಲಿ ಪಂಚಾಂಗ ತೆಗೆದು ದ್ವಾದಶಿಯ ತಾರೀಖು ಹೇಳಿದೆ. ಅಜ್ಜಿ ಇಣುಕಿ ನೋಡಿದರು. "ಅದು ಬೆಂಗಳೂರು ಪಂಚಾಂಗ ಏನವಾ? ಇಲ್ಲಿ ಸೂರ್ಯೋದಯ ಬ್ಯಾರೆ. ಒಂದು ದಿನ ಹಿಂದ ಹೋಗು" ಎಂದರು. ಒಂದೇ ಹುಡುಗಿಯ ವಿಷಯದಲ್ಲಿ ಎರಡನೆಯ ತಪ್ಪು. ಹೋದೆ.

ವೈದ್ಯರು ಮಾಡಬೇಕಾದ್ದನ್ನು ಮಾಡಲು ಶುರು ಮಾಡಿದರು. ಗಂಟಲಿನ ಸೋಂಕು ಇನ್ನೂ ಇತ್ತು. ನಾವು ರಕ್ತವನ್ನೂ ತೆಗೆದುಕೊಂಡೆವು, ಲೇಬಲ್ ಮೊದಲು. ಆದರೆ ಅದು ಮೊದಲ ವಾರದ ರಕ್ತವಲ್ಲ. ಅದು ಇನ್ನು ಯಾವತ್ತೂ ಸಿಗುವುದಿಲ್ಲ. ಅದಕ್ಕಿಂತ ದೊಡ್ಡದು, ಆ ಮಗು ಹತ್ತೊಂಬತ್ತು ದಿನ ಹೆಚ್ಚಿಗೆ ಹೆದರಿತು. ಬೇಗ ಬಂದಿದ್ದರೆ ಎಷ್ಟು ಬೇಗ ವಾಸಿಯಾಗುತ್ತಿತ್ತು ಎಂದು ಯಾರೂ ಹೇಳಲಾರರು. ಹೇಳಲಾಗದ್ದರಿಂದ ನಾನು ಇವತ್ತಿಗೂ ಲೆಕ್ಕ ಹಾಕುತ್ತಿದ್ದೇನೆ.

ತಪ್ಪು ನಡೆದಾಗ ತುಂಬುವ ಒಂದು ಫಾರಂ ಇದೆ. 'ಕಾರಣ' ಎಂಬಲ್ಲಿ ಸಾಮಾನ್ಯವಾಗಿ 'ಸಂವಹನದ ಕೊರತೆ' ಎಂದು ಬರೆಯುತ್ತಾರೆ, ಯಾರಿಗೂ ನೋವಾಗುವುದಿಲ್ಲ. ನಾನು 'ಲ್ಯಾಬ್ ಮ್ಯಾನೇಜರ್ ತನಗೆ ಗೊತ್ತಿದೆ ಎಂದುಕೊಂಡಳು' ಎಂದು ಬರೆದೆ. ರೂತ್ ಓದಿ, ಒಂದು ಕಾಮಾ ಸೇರಿಸಿ, ಸಹಿ ಹಾಕಿದರು.

ಮೇಧಾಳ ತಾಯಿಗೆ ಕಾರಿಡಾರಿನಲ್ಲಿ ನಾನೇ ಹೇಳಿದೆ. "ನಿಮ್ಮತ್ತೆಯಿಂದ ಬಂದದ್ದಲ್ಲ. ನಾನು ಹೇಳಿದ್ದು ತಪ್ಪು." ಆಕೆ, "ಮೇಡಂ, ಹತ್ತೊಂಬತ್ತು ದಿನ ನಾನು ಅವರ ಜೊತೆ ಸರಿಯಾಗಿ ಮಾತಾಡ್ಲಿಲ್ಲ" ಎಂದು ಗೋಡೆಯ ಕಡೆ ತಿರುಗಿದರು. ಮಾರನೆಯ ದಿನ ಸೊಸೆಯೇ ಅತ್ತೆಯ ಮಡಿ ಸೀರೆಯನ್ನು ಒಗೆದು ಬೇಸ್‌ಮೆಂಟಿನಲ್ಲಿ ಹರವಿದಳಂತೆ. ಮಡಿಯಲ್ಲಿಲ್ಲದ ಸೊಸೆ ಮುಟ್ಟಿದ ಮೇಲೆ ಅದು ಮಡಿ ಸೀರೆಯಾಗಿ ಉಳಿಯುವುದಿಲ್ಲ. ಆದರೂ ಅಜ್ಜಿ ಅದನ್ನೇ ಉಟ್ಟುಕೊಂಡರಂತೆ. ಇದನ್ನು ಅಜ್ಜಿಯೇ ನನಗೆ ನಗುತ್ತ ಹೇಳಿದರು.

ಆಮೇಲೆ ನಮ್ಮ ಫಾರಂನಲ್ಲಿ ಒಂದು ಪ್ರಶ್ನೆ ಹೆಚ್ಚಾಯಿತು, ಹದಿನಾಲ್ಕನೆಯದು: ಮಗು 'ಮುಗಿಯಿತು' ಎಂದು ಒಪ್ಪಿಕೊಳ್ಳುವ ಗಳಿಗೆ ಇದೆಯೇ? ಎಲ್ಲ ಮನೆಗಳಿಗೂ ಅದನ್ನೇ ಕೇಳುತ್ತೇವೆ, ಜಪಮಣಿ ಎಣಿಸುವವರ ಮನೆಗೂ, ಶುಕ್ರವಾರ ಸಂಜೆ ದೀಪ ಹಚ್ಚುವ ಯಹೂದಿಗಳ ಮನೆಗೂ. ಬಹಳ ಉಪಯೋಗಕ್ಕೆ ಬಂದಿದೆ. ಅದನ್ನು ಯಾರು ಹೇಳಿಕೊಟ್ಟರೆಂದು ಎಲ್ಲೂ ಬರೆದಿಲ್ಲ, ಇಲ್ಲಿ ಬರೆದಿದ್ದೇನೆ.

ನಾನು ನಿವೃತ್ತಳಾಗುವ ತನಕ ಆ ಗುರುತು ಸಿಗಲಿಲ್ಲ. ಭರವಸೆ ಹುಟ್ಟಿಸುವಂಥವು ಕೆಲವಿವೆ. ರೂತ್ ಇನ್ನೂ ಅದೇ ಪ್ರಶ್ನೆ ಕೇಳುತ್ತಿದ್ದಾರೆ. ಫ್ರೀಜರುಗಳನ್ನು ಈಗ ಒಬ್ಬ ಹೊಸ ಹುಡುಗಿ ಕಾಯುತ್ತಿದ್ದಾಳೆ. ಅವಳು ಬಂದ ಮೊದಲ ವಾರವೇ ಹೇಳಿದೆ, ನಮ್ಮವರ ಫಾರಂ ಬಂದರೆ ಬೇರೆಯವರದಕ್ಕಿಂತ ಎರಡು ಸಲ ಹೆಚ್ಚು ಓದು ಎಂದು. ಅವಳು ಕೊರಿಯಾ ಮೂಲದವಳು, 'ನಮ್ಮವರು' ಎಂದರೆ ಲ್ಯಾಬಿನವರು ಎಂದುಕೊಂಡಳು. ಸರಿಪಡಿಸಲಿಲ್ಲ.

ಈಚೆಗೆ ಒಂದು ಶನಿವಾರ ಫ್ಲಶಿಂಗ್ ದೇವಸ್ಥಾನಕ್ಕೆ ಹೋಗಿದ್ದೆ. ನಿಜ ಹೇಳಬೇಕೆಂದರೆ ಕ್ಯಾಂಟೀನಿಗೆ ಹೋಗಿದ್ದೆ, ದೇವಸ್ಥಾನ ದಾರಿಯಲ್ಲಿತ್ತು. ಮಸಾಲೆ ದೋಸೆ ಅರ್ಧ ಮುಗಿದಿತ್ತು. ಎದುರಿನ ಸಿಂಕಿನಲ್ಲಿ ಎತ್ತರದ ಹುಡುಗಿಯೊಬ್ಬಳು ಕೈ ತೊಳೆಯುತ್ತಿದ್ದಳು. ಒಂದು ಸಲ. ನಾನು ಎಣಿಸಿದೆ, ಅಭ್ಯಾಸ. ಅವಳು ತಿರುಗಿದಾಗ ಗುರುತು ಸಿಕ್ಕಿತು. ಸ್ಟಡಿಯಲ್ಲಿದ್ದ ಮಕ್ಕಳು ಹೊರಗೆ ಕಂಡರೆ ನಾವಾಗಿ ಮಾತಾಡಿಸಬಾರದು, ಅವರು ಮಾತಾಡಿಸಿದರೆ ಮಾತ್ರ. ನಾನು ಚಟ್ನಿಯ ಕಡೆ ನೋಡಿದೆ.

"ಲ್ಯಾಬ್ ಆಂಟಿ, ರೈಟ್?" ಎಂದು ಅವಳೇ ಬಂದು ಎದುರಿಗೆ ಕೂತಳು. ಕಾಲೇಜಿಗೆ ಹೋಗುತ್ತಿದ್ದಾಳಂತೆ. ನಡುವೆ ಎರಡು ಸಲ ಮತ್ತೆ ಬಂದು ಹೋಯಿತಂತೆ, ಮಿಡಲ್ ಸ್ಕೂಲಿನಲ್ಲಿ ಒಮ್ಮೆ ಜೋರಾಗಿಯೇ. "ಸಮ್ ಡೇಸ್ ಇಟ್ಸ್ ಸ್ಟಿಲ್ ಲೌಡ್. ಮೋಸ್ಟ್ ಡೇಸ್ ಐ ಕ್ಯಾನ್ ಟೆಲ್ ಇಟ್ ಟು ಶಟ್ ಅಪ್" ಎಂದಳು. ಅಜ್ಜಿ ಈ ವರ್ಷ ಬರಲಿಲ್ಲ, ಮೊಣಕಾಲು ಆಪರೇಶನ್ ಆಯಿತಂತೆ. ವಾರಕ್ಕೊಮ್ಮೆ ವೀಡಿಯೋದಲ್ಲಿ ಅಕ್ಷರ ತಿದ್ದಿಸುತ್ತಾರಂತೆ, ಇನ್ನೂ 'ಖ' ಸರಿಯಿಲ್ಲ ಎನ್ನುತ್ತಾರಂತೆ.

ಹೇಳದಿದ್ದರೆ ನಡೆಯುತ್ತಿತ್ತು. ಆದರೆ ಮನಸ್ಸು ತಡೆಯಲಿಲ್ಲ. "ಮೇಧಾ, ನಿಮ್ಮಮ್ಮನಿಗೆ ಫೋನ್ ಮಾಡಿ ಇದು ಬರೀ ಮಡಿ ಅಂದವಳು ನಾನು. ನನ್ನಿಂದ ನಿನಗೆ ಹತ್ತೊಂಬತ್ತು ದಿನ ಹೋಯಿತು" ಎಂದೆ. ಬಹಳ ವರ್ಷದಿಂದ ಇಂಗ್ಲಿಷಿನಲ್ಲಿ ತಯಾರು ಮಾಡಿಟ್ಟುಕೊಂಡಿದ್ದ ಮಾತು ಕನ್ನಡದಲ್ಲಿ ಬಂತು. ದೋಸೆಯ ತುಂಡನ್ನು ತಟ್ಟೆಗೆ ವಾಪಸ್ ಇಟ್ಟೆ.

"ಐ ನೋ, ಆಂಟಿ. ಅಜ್ಜಿ ಟೋಲ್ಡ್ ಮಿ, ಲೈಕ್, ಇಯರ್ಸ್ ಅಗೋ" ಎಂದಳು. ಆಮೇಲೆ ನನ್ನ ತಟ್ಟೆ ನೋಡಿದಳು.

"ಆರ್ ಯು ಗೋಯಿಂಗ್ ಟು ಫಿನಿಶ್ ದ್ಯಾಟ್?"

ನಾನು ತಟ್ಟೆಯನ್ನು ಅವಳ ಕಡೆ ಸರಿಸಿದೆ. ಎಂಜಲಾಗಿತ್ತು. ಅವಳು ಮುಗಿಸಿದಳು.